‘ಸೊಂಟ ನೋಯಲ್ಲ, ಮಂಡಿ ಒಂದೇ’: ಎರಡೂ ಮಂಡಿ ಬದಲಿಸಬೇಕೆಂದಿದ್ದ ಒಂದು ಪ್ರಕರಣ

ಹಿನ್ನೆಲೆ

ಶಿವಮೊಗ್ಗ ಜಿಲ್ಲೆಯ ಮಲೆನಾಡು ಸೀಮೆಯ ಹೆಂಗಸು, ವಯಸ್ಸು 56. ಇಲ್ಲಿ ಗಿರಿಜಮ್ಮ ಎನ್ನೋಣ. ಗುರುತು ಸಿಗಬಾರದೆಂದು ಹೆಸರು, ಊರು, ಮನೆಯ ವಿವರ ಬದಲಿಸಲಾಗಿದೆ. ಎತ್ತರ 152 ಸೆಂ.ಮೀ., ತೂಕ 68 ಕೆ.ಜಿ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿ.ಪಿ. ಅರ್ಧ ಎಕರೆ ಸ್ವಂತ ತೋಟ, ಎರಡು ದನ. ಸುಗ್ಗಿಯಲ್ಲಿ ಬೇರೆಯವರ ಮನೆಗೆ ಅಡಿಕೆ ಸುಲಿಯಲು ಹೋಗುವುದು. ಸುಲಿಯುವುದೆಂದರೆ ಮೆಟ್ಟುಗತ್ತಿಯ ಮುಂದೆ ಮಣೆ ಹಾಕಿ, ಸೊಂಟ ಮಡಚಿ, ಸಂಜೆಯವರೆಗೂ ಕೂರುವ ಕೆಲಸ.

ಬಲ ಮಂಡಿಯ ನೋವು ಶುರುವಾಗಿ ಎರಡೂವರೆ ವರ್ಷ ಆಗಿತ್ತು. ಮೊದಲು ಎಣ್ಣೆ, ಪಟ್ಟು, ಮಂಡಿಗೆ ಹಾಕುವ ಕ್ಯಾಪ್. ಆಮೇಲೆ ನೋವಿನ ಮಾತ್ರೆ ಡೈಕ್ಲೋಫಿನಾಕ್ 50 ಮಿ.ಗ್ರಾಂ. ದಿನಕ್ಕೆರಡು, ತಿಂಗಳುಗಟ್ಟಲೆ. ಚೀಟಿ ಹಳೆಯದಾದರೂ ಮೆಡಿಕಲ್ ಶಾಪಿನಲ್ಲಿ ಕೊಡುತ್ತಿದ್ದರು. 14 ತಿಂಗಳಲ್ಲಿ ಬಲ ಮಂಡಿಗೆ ಮೂರು ಸ್ಟಿರಾಯ್ಡ್ ಇಂಜೆಕ್ಷನ್, ನಂತರ ‘ಜೆಲ್’ ಎಂದು ಒಂದು ದುಬಾರಿ ಇಂಜೆಕ್ಷನ್. ಮೊದಲ ಸ್ಟಿರಾಯ್ಡ್ ನಾಲ್ಕು ದಿನ ಹಿತವೆನಿಸಿತು. ಉಳಿದವುಗಳಿಂದ ಸಕ್ಕರೆ ಮಾತ್ರ ಏರಿತು. ಕೊನೆಗೆ ಒಂದು ಕಡೆ, ಮಲಗಿಸಿ ತೆಗೆದ ಮಂಡಿ ಎಕ್ಸ್‌ರೇ ನೋಡಿ, ‘ಎರಡೂ ಮಂಡಿ ಸವೆದಿದೆ, ಒಟ್ಟಿಗೇ ಬದಲಿಸಿಬಿಡೋಣ’ ಎಂದರು. ಮನೆಯಲ್ಲಿ ಚಿನ್ನ ಅಡವಿಡುವ ಮಾತು ನಡೆಯಿತು.

ಅದನ್ನು ತಡೆದದ್ದು ಮಗಳ ಒಂದು ಪ್ರಶ್ನೆ: ‘ಅಮ್ಮಂಗೆ ನೋಯೋದು ಬಲಗಡೆ ಮಾತ್ರ. ಎಡಗಡೆದು ಯಾಕೆ ಕುಯ್ಯಬೇಕು?’ ಆ ಪ್ರಶ್ನೆ ಹಿಡಿದುಕೊಂಡೇ ಅವರು ಏಪ್ರಿಲ್‌ನಲ್ಲಿ ಎರಡನೇ ಅಭಿಪ್ರಾಯಕ್ಕೆ ಬಂದರು.

ಒಂದು ಪದದಿಂದಾದ ಎಡವಟ್ಟು

ಹಳೆಯ ಚೀಟಿಗಳಲ್ಲೆಲ್ಲ ಒಂದೇ ಸಾಲು ಇತ್ತು: ‘ಸೊಂಟ ನೋವಿಲ್ಲ’. ಗಿರಿಜಮ್ಮ ಸುಳ್ಳು ಹೇಳಿರಲಿಲ್ಲ. ಆಡುಮಾತಿನಲ್ಲಿ ಸೊಂಟವೆಂದರೆ ಬೆನ್ನಿನ ಕೆಳಭಾಗ, ಸೀರೆಯ ಗಂಟು ಕೂರುವ ಜಾಗ. ‘ಸೊಂಟ ಹಿಡಿದಿದೆ’ ಎಂದವರು ಕೈ ಇಡುವುದು ಬೆನ್ನ ಮೇಲೆಯೇ. ವೈದ್ಯರ ಮನಸ್ಸಿನಲ್ಲಿರುವ ‘ಹಿಪ್’ ಅಲ್ಲಿಲ್ಲ. ತೊಡೆಮೂಳೆಯ ಗುಂಡು ತಲೆ ಸೊಂಟದೆಲುಬಿನ ಬಟ್ಟಲಿನಲ್ಲಿ ಕೂರುವ ಆ ಕೀಲು ಇರುವುದು ತೊಡೆಸಂದಿನ ಆಳದಲ್ಲಿ. ಅದಕ್ಕೆ ಮನೆಮಾತಿನಲ್ಲಿ ಸರಿಯಾದ ಹೆಸರೇ ಇಲ್ಲ. ಹೀಗಾಗಿ ‘ಸೊಂಟ ನೋಯುತ್ತಾ?’ ಎಂದರೆ ಸಿಗುವ ಉತ್ತರ ಬೆನ್ನಿನದು. ಇನ್ನು ತೊಡೆಸಂದಿನಲ್ಲಿ ನೋವಿದ್ದರೂ ಗಂಡಸು ಡಾಕ್ಟರ ಎದುರು ಆ ಜಾಗ ತೋರಿಸಲು ನಮ್ಮ ಹೆಂಗಸರು ಹಿಂಜರಿಯುತ್ತಾರೆ. ತೊಡೆಯ ಮುಂಭಾಗ ಸವರಿ ಮಂಡಿಗೆ ಬಂದು ಕೈ ನಿಲ್ಲಿಸುತ್ತಾರೆ.

ಈ ಸಲ ಕೇಳಿದ್ದು ನರ್ಸ್, ಪರದೆಯ ಒಳಗೆ: ‘ಅಮ್ಮಾ, ಕಾಲುಂಗುರ ನೀವೇ ಹಾಕ್ಕೊಳ್ತೀರಾ?’

‘ಇಲ್ಲಮ್ಮ, ಒಂದು ವರ್ಷದಿಂದ ಬಲಗಾಲಿಂದು ಮಗಳೇ ಹಾಕೋದು. ಉಗುರೂ ಅವಳೇ ತೆಗಿಯೋದು.’

ಮಂಡಿ ಸವೆದವರಿಗೆ ಮೆಟ್ಟಿಲು ಇಳಿಯುವುದು, ಕುಕ್ಕರಗಾಲಲ್ಲಿ ಕೂತು ಏಳುವುದು ಕಷ್ಟ. ಬಗ್ಗಿ ಪಾದ ಮುಟ್ಟುವುದು ಹೇಗೋ ಆಗುತ್ತದೆ. ಒಂದೇ ಕಾಲಿನ ಬೆರಳು ಕೈಗೆ ಎಟುಕದೆ ಹೋದರೆ ಮೊದಲು ಅನುಮಾನಿಸಬೇಕಾದದ್ದು ಹಿಪ್ ಕೀಲನ್ನು. ಮುಂದಿನ ಪ್ರಶ್ನೆಗೆ ಗಿರಿಜಮ್ಮ ತೊಡೆಸಂದನ್ನೇ ಒತ್ತಿ ತೋರಿಸಿದರು: ‘ಇಲ್ಲಿ ಒಂಥರಾ ಹಿಡ್ಕೊಂಡಂಗೆ ಇರತ್ತೆ. ರಾತ್ರಿ ಮಗ್ಗಲು ತಿರುಗಿದ್ರೆ ಎಚ್ಚರ ಆಗತ್ತೆ.’

ಪರೀಕ್ಷೆ

ನಡೆಯುವಾಗ ಬಲಗಾಲು ಊರಿದಾಗಲೆಲ್ಲ ಮೈ ಬಲಕ್ಕೇ ವಾಲುತ್ತಿತ್ತು. ನೋಯುವ ಕಡೆಗೇ ಯಾಕೆ ವಾಲುತ್ತಾರೆ ಎಂಬ ಪ್ರಶ್ನೆ ಸಹಜ. ಒಂದು ಕಾಲ ಮೇಲೆ ನಿಂತಾಗ ಮೈ ಬೀಳದಂತೆ ಹಿಪ್‌ನ ಪಕ್ಕದ ಸ್ನಾಯುಗಳು ಎಳೆದು ಹಿಡಿಯುತ್ತವೆ. ಆ ಎಳೆತವೂ ಸೇರಿ, ನಡೆಯುವಾಗ ಕೀಲಿನ ಮೇಲೆ ಮೈತೂಕದ ಸುಮಾರು ಎರಡೂವರೆ ಪಟ್ಟು ಒತ್ತಡ ಬೀಳುತ್ತದೆ. ಮೈಯನ್ನೇ ಆ ಕಾಲಿನ ಮೇಲೆ ತಂದರೆ ಸ್ನಾಯು ಅಷ್ಟು ಎಳೆಯಬೇಕಿಲ್ಲ, ಒತ್ತಡ ತಗ್ಗುತ್ತದೆ. ದೇಹ ಇದನ್ನು ತಾನಾಗಿಯೇ ಕಲಿತುಕೊಳ್ಳುತ್ತದೆ.

ಬಲ ಮಂಡಿಯಲ್ಲಿ ನೀರು ತುಂಬಿರಲಿಲ್ಲ. 130 ಡಿಗ್ರಿ ಮಡಚುತ್ತಿತ್ತು. ಕರಕರ ಸದ್ದು ಸ್ವಲ್ಪ, ಕೀಲಿನ ಗೆರೆಯ ಮೇಲೆ ಒತ್ತಿದರೆ ಹೇಳಿಕೊಳ್ಳುವಂಥ ನೋವಿಲ್ಲ. ನೇರ ಕಾಲನ್ನು ಎತ್ತಿ ನೋಡಿದಾಗ ಬೆನ್ನಿನ ನರದ ಎಳೆತವೂ ಇಲ್ಲ. ಹಿಪ್‌ನ ಕಥೆ ಬೇರೆ. 80 ಡಿಗ್ರಿಗೆ ಮಡಚುವುದು ನಿಂತಿತು. ತೊಡೆಯನ್ನು ಒಳಮುಖವಾಗಿ ತಿರುಗಿಸಲು ಸ್ವಲ್ಪವೂ ಆಗಲಿಲ್ಲ. ಕಾಲು ಚಾಚಿ ಮಲಗಿದರೆ ತೊಡೆ 15 ಡಿಗ್ರಿ ಮಡಚಿಯೇ ಉಳಿಯುತ್ತಿತ್ತು. ಕಾಲನ್ನು ಮಂಚದ ಮೇಲೆ ಲಟ್ಟಣಿಗೆಯಂತೆ ಮೆಲ್ಲಗೆ ಹೊರಳಿಸಿದಾಗ ಗಿರಿಜಮ್ಮ ಮಂಡಿಯನ್ನು ಹಿಡಿದುಕೊಂಡು ‘ಇದೇ, ಇದೇ ನೋವು’ ಎಂದರು. ಹೀಗೆ ಹೊರಳಿಸುವಾಗ ಮಂಡಿ ಮಡಚುವುದೇ ಇಲ್ಲ, ತಿರುಗುವುದು ಹಿಪ್ ಮಾತ್ರ. ಈ ಪರೀಕ್ಷೆಗೆ ಹಿಡಿಯುವುದು ಹತ್ತು ಸೆಕೆಂಡು. ಎರಡೂವರೆ ವರ್ಷದಲ್ಲಿ ಇದನ್ನು ಮಾಡಿದ ಗುರುತು ಯಾವ ಚೀಟಿಯಲ್ಲೂ ಇರಲಿಲ್ಲ.

ಹಿಪ್ ಹಾಳಾದರೆ ಮಂಡಿ ನೋಯುವುದು ನರಗಳ ಹಂಚಿಕೆಯಿಂದ. ಆಬ್ಟುರೇಟರ್ ನರ ಮತ್ತು ತೊಡೆಯ ಮುಂಭಾಗದ ಫೆಮೊರಲ್ ನರ, ಎರಡರ ಕವಲುಗಳೂ ಹಿಪ್ ಕೀಲಿಗೂ ಹೋಗುತ್ತವೆ, ಮಂಡಿಗೂ ಹೋಗುತ್ತವೆ. ನೋವಿನ ಸುದ್ದಿ ಯಾವ ಮನೆಯಿಂದ ಹೊರಟಿತೆಂದು ಮಿದುಳಿಗೆ ಗೊಂದಲವಾಗುತ್ತದೆ.

ಎರಡೂ ಹಿಪ್ ಕಾಣುವಂತೆ ಒಂದೇ ಎಕ್ಸ್‌ರೇ ತೆಗೆಯಲಾಯಿತು. ಬಲಗಡೆ ಮೇಲ್ಭಾಗದಲ್ಲಿ ಕೀಲಿನ ಸಂದೇ ಉಳಿದಿರಲಿಲ್ಲ. ಮೂಳೆಗೆ ಮೂಳೆ ತಾಗಿ, ಒಳಗೆ ಪೊಳ್ಳುಗಳಾಗಿ, ಅಂಚಿನಲ್ಲಿ ಮೂಳೆ ಚಿಗುರಿತ್ತು. ಗುಂಡನ್ನು ಬಟ್ಟಲು ಎಷ್ಟು ಮುಚ್ಚಿದೆ ಎಂದು ಅಳೆಯುವ ಕೋನ 25 ಡಿಗ್ರಿಗಿಂತ ಹೆಚ್ಚಿರಬೇಕು, 20ಕ್ಕಿಂತ ಕಡಿಮೆಯಾದರೆ ಬಟ್ಟಲು ಹುಟ್ಟಿನಿಂದ ಆಳವಿಲ್ಲದ್ದು ಎಂದರ್ಥ. ಇವರದು 16. ಇದು ದೊಡ್ಡ ಸುಳಿವು. ನಮ್ಮಲ್ಲಿ ಮಂಡಿ ಸವೆತ ಮನೆಮನೆಯಲ್ಲೂ ಇದೆ, ಹಿಪ್ ಮಾತ್ರ ಕಾರಣವಿಲ್ಲದೆ ಸವೆಯುವುದು ಅಷ್ಟು ಸಾಮಾನ್ಯವಲ್ಲ. ಸವೆದಿದ್ದರೆ ಹಿಂದೆ ಏನೋ ಇರುತ್ತದೆ: ಆಳವಿಲ್ಲದ ಬಟ್ಟಲು, ರಕ್ತ ಸಂಚಾರ ನಿಂತು ಸತ್ತ ಗುಂಡು (ಸ್ಟಿರಾಯ್ಡ್ ಮತ್ತು ಮದ್ಯ ಅದರ ಮುಖ್ಯ ಕಾರಣಗಳು), ಹಳೆಯ ಏಟು, ಸಂಧಿವಾತ. ಸಾಗರದ ಕಡೆಯವರಾದರೆ ಇನ್ನೊಂದನ್ನೂ ಕೇಳಲೇಬೇಕು. 1970ರ ದಶಕದಲ್ಲಿ ಹಂದಿಗೋಡಿನಲ್ಲಿ ಗಮನಕ್ಕೆ ಬಂದು ಆ ಊರಿನ ಹೆಸರನ್ನೇ ಪಡೆದ ಆನುವಂಶಿಕ ಕಾಯಿಲೆ ಹಿಪ್ ಕೀಲನ್ನೇ ಹಾಳುಮಾಡುತ್ತದೆ. ಗಿರಿಜಮ್ಮನ ಮನೆತನದಲ್ಲಿ ಅಂಥ ಗಿಡ್ಡ ಮೈಕಟ್ಟಾಗಲಿ, ತಲೆಮಾರಿನಿಂದ ಬಂದ ಕುಂಟಾಗಲಿ ಇರಲಿಲ್ಲ.

ಗಿರಿಜಮ್ಮನನ್ನು ನಿಲ್ಲಿಸಿ ಮಂಡಿಗಳ ಎಕ್ಸ್‌ರೇಯನ್ನು ಮತ್ತೆ ತೆಗೆಯಲಾಯಿತು. ಮಲಗಿಸಿ ತೆಗೆದರೆ ಭಾರ ಬಿದ್ದಾಗ ಸಂದು ಎಷ್ಟು ಉಳಿಯುತ್ತದೆಂದು ಗೊತ್ತಾಗುವುದಿಲ್ಲ. ಎರಡರಲ್ಲೂ ಎರಡನೇ ದರ್ಜೆಯ ಸವೆತ, ಐವತ್ತು ದಾಟಿದ ಎಷ್ಟೋ ಜನರಲ್ಲಿ ನೋವಿಲ್ಲದೆಯೂ ಕಾಣುವಂಥದ್ದು.

ಮದ್ದಿಲ್ಲದ ಇಂಜೆಕ್ಷನ್

ಹಿಪ್ ಸವೆದಿದೆ, ಮಂಡಿಯೂ ಸ್ವಲ್ಪ ಸವೆದಿದೆ. ನೋವು ಯಾವುದರದು ಎಷ್ಟು ಎಂಬುದನ್ನು ಎಕ್ಸ್‌ರೇ ಹೇಳುವುದಿಲ್ಲ. ಹಾಗಾಗಿ ಅಲ್ಟ್ರಾಸೌಂಡ್ ನೋಡುತ್ತ ಹಿಪ್ ಕೀಲಿನೊಳಗೆ ಮರವು ಬರಿಸುವ ಔಷಧಿ ಮಾತ್ರ ಹಾಕಲಾಯಿತು: ರೋಪಿವಕೇನ್ 0.2 ಶೇಕಡಾ, 6 ಮಿ.ಲೀ. 20 ನಿಮಿಷ ಬಿಟ್ಟು, ಇಂಜೆಕ್ಷನ್‌ಗೆ ಮೊದಲು ನಡೆಸಿದ್ದ ಅದೇ ಕಾರಿಡಾರಿನಲ್ಲಿ ನಡೆಸಿ, ಅದೇ ಹನ್ನೆರಡು ಮೆಟ್ಟಿಲು ಹತ್ತಿಸಿ ಇಳಿಸಿದರು. ಹತ್ತಕ್ಕೆ ಎಂಟಿದ್ದ ಮಂಡಿ ನೋವು ಎರಡಕ್ಕೆ ಇಳಿಯಿತು. ಮಂಡಿಯನ್ನು ಯಾರೂ ಮುಟ್ಟಿರಲಿಲ್ಲ. ಉಳಿದ ಆ ಎರಡು ಅಂಕದಷ್ಟು ನೋವು ಮಂಡಿಯದೇ ಪಾಲು.

‘ಹೇಗೂ ಸೂಜಿ ಒಳಗಿದೆ, ಸ್ಟಿರಾಯ್ಡೂ ಸೇರಿಸೋಣ’ ಎಂಬ ಮಾತು ಇಂಥಲ್ಲಿ ಬಂದೇ ಬರುತ್ತದೆ. ಈ ಪ್ರಕರಣದಲ್ಲಿ ಬೇಡವೆಂದದ್ದು ಸರಿಯಾದ ತೀರ್ಮಾನ. ಕೀಲಿಗೆ ಸ್ಟಿರಾಯ್ಡ್ ಕೊಟ್ಟು ಮೂರು ತಿಂಗಳೊಳಗೆ ಅದೇ ಕೀಲನ್ನು ಬದಲಿಸಿದರೆ ಸೋಂಕಿನ ಅಪಾಯ ಹೆಚ್ಚು. ಸಕ್ಕರೆ ಇರುವವರಲ್ಲಿ ಕೆಲವು ದಿನ ಸಕ್ಕರೆಯೂ ಹತೋಟಿ ತಪ್ಪುತ್ತದೆ. ಬೇಕಿದ್ದದ್ದು ಉತ್ತರ, ಅದಕ್ಕೆ ಮರವಿನ ಔಷಧಿಯೇ ಸಾಕು.

ಆಪರೇಷನ್‌ಗೆ ಮೊದಲು 12 ವಾರ

ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಸೋತರೆ ಏರುವ ಕ್ರಿಯಾಟಿನಿನ್ 1.4, ಹಿಮೋಗ್ಲೋಬಿನ್ 10.2, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.9 ಬಂತು. ಮೊದಲೆರಡರ ಹಿಂದೆ ಡೈಕ್ಲೋಫಿನಾಕ್ ಇರುವ ಸಾಧ್ಯತೆಯೇ ಹೆಚ್ಚಾಗಿತ್ತು. ಅದು ಕಿಡ್ನಿಗೂ ಪೆಟ್ಟು, ಹೊಟ್ಟೆಯ ಒಳಪದರದಿಂದ ತೊಟ್ಟು ತೊಟ್ಟಾಗಿ ರಕ್ತ ಸೋರಿಸಿ ಕಬ್ಬಿಣವನ್ನೂ ಕಳೆಯುತ್ತದೆ. ಅದನ್ನು ಪೂರ್ತಿ ನಿಲ್ಲಿಸಿ ಪ್ಯಾರಾಸಿಟಮಾಲ್, ಕಬ್ಬಿಣದ ಮಾತ್ರೆ, ಹೊಟ್ಟೆಗೆ ಪ್ಯಾಂಟೊಪ್ರಜೋಲ್ ಕೊಟ್ಟರು.

ಕೋಲು ಮೊದಲೇ ಇತ್ತು, ಆದರೆ ಬಲಗೈಯಲ್ಲಿ. ನೋಯುವ ಕಾಲಿನ ಕಡೆಯೇ ಕೋಲು ಹಿಡಿಯುವ ತಪ್ಪು ಎಷ್ಟೋ ಜನರದು. ಕೋಲು ಎದುರುಗೈಯಲ್ಲಿ ಇರಬೇಕು, ನೋವಿನ ಕಾಲು ಮುಂದಿಟ್ಟಾಗ ಕೋಲೂ ಜೊತೆಗೇ ಮುಂದೆ ಹೋಗಬೇಕು. ಚಪ್ಪಲಿ ಹಾಕಿ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿಗೆ ಬರುತ್ತದೋ ಅಷ್ಟು ಎತ್ತರ. ಇವರ ಕೋಲನ್ನು ಎರಡು ಇಂಚು ಕತ್ತರಿಸಬೇಕಾಯಿತು.

ವ್ಯಾಯಾಮದಲ್ಲಿ ಒಂದು ಎಡವಟ್ಟಾಯಿತು. ಹಳೆಯ ಚೀಟಿಯಲ್ಲಿ ‘ಮಂಡಿ’ ಎಂದಿದ್ದರಿಂದ ಊರ ಹತ್ತಿರದ ಫಿಸಿಯೋಥೆರಪಿಸ್ಟ್ ಮೂರು ವಾರ ಮಂಡಿ ಬಿಗಿಹಿಡಿಯುವ ವ್ಯಾಯಾಮವನ್ನೇ ಮಾಡಿಸಿದರು. ನಂತರ ಹಿಪ್ ಎಂದು ತಿಳಿದ ಮೇಲೆ ಒಳಮುಖವಾಗಿ ಎಳೆದು ಬಗ್ಗಿಸಲು ನೋಡಿದರು. ಮೂಳೆಗೆ ಮೂಳೆ ತಾಗುವ ಕೀಲನ್ನು ಎಳೆದರೆ ಬಗ್ಗುವುದಿಲ್ಲ, ಊದಿಕೊಳ್ಳುತ್ತದೆ. ಎರಡು ರಾತ್ರಿ ನಿದ್ದೆಯಿಲ್ಲ. ಕೊನೆಗೆ ಉಳಿಸಿಕೊಂಡದ್ದು ಮೂರೇ: ಅಂಗಾತ ಮಲಗಿ ಸೊಂಟ ಎತ್ತುವುದು, ನಿಂತು ಕಾಲನ್ನು ಪಕ್ಕಕ್ಕೆ ಎತ್ತುವುದು, ಬೋರಲು ಮಲಗಿ ಹತ್ತು ನಿಮಿಷ ಹಾಗೇ ಇರುವುದು.

12 ವಾರದಲ್ಲಿ 4 ಕೆ.ಜಿ. ಇಳಿಯಿತು. ನೂರು ಮೀಟರಿಗೆ ಕೂರುತ್ತಿದ್ದವರು 250 ಮೀಟರ್ ನಡೆದರು. ಆದರೆ ರಾತ್ರಿಯ ನೋವು ಹೋಗಲಿಲ್ಲ. ನಡೆಯುವ ದೂರ ಕಡಿಮೆಯಿದ್ದರೂ ಜನ ಹೇಗೋ ಹೊಂದಿಕೊಳ್ಳುತ್ತಾರೆ, ವಿಶ್ರಾಂತಿಯಲ್ಲೂ ನೋಯುವ, ನಿದ್ದೆ ಕೆಡಿಸುವ ಹಿಪ್‌ಗೆ ಹೊಂದಿಕೊಳ್ಳುವುದು ಕಷ್ಟ. ಆಪರೇಷನ್ ಮಾಡುವುದೆಂದು ಜುಲೈನಲ್ಲಿ ನಿಶ್ಚಯವಾಯಿತು.

ಯಾವುದು, ಯಾವಾಗ

ಬಟ್ಟಲನ್ನೇ ಕತ್ತರಿಸಿ ತಿರುಗಿಸಿ ಕೂರಿಸುವ ಶಸ್ತ್ರಚಿಕಿತ್ಸೆ ಎಳೆ ವಯಸ್ಸಿನವರಿಗೆ, ಮೃದ್ವಸ್ಥಿ (ಕೀಲಿನೊಳಗೆ ಮೂಳೆಯ ಮೇಲಿರುವ ನುಣುಪು ಪದರ) ಉಳಿದಿರುವಾಗ. ಆ ಕಾಲ ಮುಗಿದಿತ್ತು. ಗುಂಡಿಗೆ ಲೋಹದ ಟೋಪಿ ಹಾಕುವ ವಿಧಾನ ಸಣ್ಣ ಮೂಳೆಯ ಹೆಂಗಸರಲ್ಲಿ ಬಾಳಿದ್ದು ಕಡಿಮೆ. ಉಳಿದದ್ದು ಪೂರ್ಣ ಹಿಪ್ ಬದಲಾವಣೆ. ಮಂಡಿಯ ಮಾತನ್ನು ಪಕ್ಕಕ್ಕಿಡಲಾಯಿತು. ಒಂದೇ ಕಾಲಿನಲ್ಲಿ ಎರಡೂ ಕೆಟ್ಟಿದ್ದರೂ ಸಾಮಾನ್ಯವಾಗಿ ಹಿಪ್ ಮೊದಲು. ಮಂಡಿ ನೋವು ಎಷ್ಟು ಉಳಿಯುತ್ತದೆಂದು ಆಮೇಲೆ ನೋಡಬಹುದು, ಬಿಗಿಹಿಡಿದ ಹಿಪ್ ಇಟ್ಟುಕೊಂಡು ಹೊಸ ಮಂಡಿಗೆ ವ್ಯಾಯಾಮ ಮಾಡಿಸುವುದೂ ಕಷ್ಟ.

ಖರ್ಚಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಹಿಡಿದರು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಆದರೆ ಇಂಥ ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಪತ್ರದಲ್ಲಿ ಮೊದಲು ‘ಮಂಡಿ’ ಎಂದೇ ಬರೆದಿದ್ದರು. ತಿದ್ದಿಸಲು ಇನ್ನೊಂದು ದಿನ ಹೋಯಿತು. 2017ರ ಆಗಸ್ಟ್‌ನಲ್ಲಿ ಇಂಪ್ಲಾಂಟ್ ಬೆಲೆಗೆ ಮಿತಿ ಹಾಕಿದ ಕೇಂದ್ರದ ಆದೇಶ ಮಂಡಿಯದ್ದು, ಹಿಪ್‌ಗೆ ಅದು ಅನ್ವಯಿಸುವುದಿಲ್ಲ. ಸ್ವಂತ ದುಡ್ಡಿನಲ್ಲಿ ಮಾಡಿಸುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಆಗಸ್ಟ್‌ನಲ್ಲಿ ಕೊಟ್ಟ ತಾರೀಕನ್ನು ಹಿಂದಿನ ದಿನ ರದ್ದು ಮಾಡಬೇಕಾಯಿತು. ಕಾರಣ ಕೆಸರುಹುಣ್ಣು. ಮಳೆಗಾಲದ ಕೊಟ್ಟಿಗೆ ಕೆಲಸದಿಂದ ಕಾಲ್ಬೆರಳ ಸಂದುಗಳು ಬಿರಿದು ನೀರಾಡುತ್ತಿದ್ದವು. ಮನೆಯವರಿಗೆ ಸಿಟ್ಟು ಬಂತು: ಕುಯ್ಯುವುದು ಸೊಂಟದಲ್ಲಿ, ಬೆರಳ ಹುಣ್ಣಿಗೂ ಅದಕ್ಕೂ ಏನು ಸಂಬಂಧ? ಚರ್ಮ ಬಿರಿದಲ್ಲಿಂದ ರಕ್ತ ಸೇರಿದ ಬ್ಯಾಕ್ಟೀರಿಯಾ ಹೊಸ ಲೋಹದ ಮೇಲೆ ಹೋಗಿ ಕೂತರೆ ಸುತ್ತ ಪೊರೆ ಕಟ್ಟಿಕೊಳ್ಳುತ್ತದೆ, ಆಮೇಲೆ ಮಾತ್ರೆಗೆ ಬಗ್ಗುವುದಿಲ್ಲ, ಕೀಲನ್ನೇ ತೆಗೆಯಬೇಕಾಗಬಹುದು. ಅದೇ ಅವಧಿಯಲ್ಲಿ ಹುಳುಕು ದವಡೆ ಹಲ್ಲೊಂದನ್ನು ಕೀಳಿಸಿದರು. ಅಕ್ಟೋಬರ್ ಹೊತ್ತಿಗೆ ಎಚ್‌ಬಿಎ1ಸಿ 7.3, ಹಿಮೋಗ್ಲೋಬಿನ್ 11.8, ಕ್ರಿಯಾಟಿನಿನ್ 1.0.

ಆಪರೇಷನ್

ಅಳತೆಯ ಲೆಕ್ಕದಲ್ಲಿ ಒಂದು ಸೂಕ್ಷ್ಮವಿತ್ತು. ಹಿಪ್ ಎಕ್ಸ್‌ರೇಯನ್ನು ಪಾದ 15 ಡಿಗ್ರಿ ಒಳಕ್ಕೆ ತಿರುಗಿಸಿ ತೆಗೆಯಬೇಕು. ಗಿರಿಜಮ್ಮನ ಬಲಗಾಲು ಒಳಕ್ಕೆ ತಿರುಗುತ್ತಲೇ ಇರಲಿಲ್ಲವಾದ್ದರಿಂದ ಆ ಕಡೆಯ ಮೂಳೆಯ ಕುತ್ತಿಗೆ ಇರುವುದಕ್ಕಿಂತ ಗಿಡ್ಡವಾಗಿ ಕಾಣುತ್ತಿತ್ತು. ಅದನ್ನೇ ನಂಬಿದರೆ ಸ್ನಾಯುಗಳು ಸಡಿಲ ಉಳಿದು ಕೀಲು ಜಾರುವ ಅಪಾಯ. ಎಡಗಾಲಿನ ಅಳತೆ ಹಿಡಿದು ಲೆಕ್ಕ ಹಾಕಲಾಯಿತು.

ಬೆನ್ನಿಗೆ ಅರಿವಳಿಕೆ. ಕುಯ್ಯುವ ಮೊದಲಿನ ಒಂದು ಗಂಟೆಯೊಳಗೆ ಸೆಫಜೋಲಿನ್ 2 ಗ್ರಾಂ, ರಕ್ತಸ್ರಾವ ತಗ್ಗಿಸಲು ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ. ಹಿಂಬದಿಯಿಂದ ಪ್ರವೇಶ. 48 ಮಿ.ಮೀ. ಬಟ್ಟಲನ್ನು ಸಿಮೆಂಟಿಲ್ಲದೆ ಬಿಗಿಯಾಗಿ ಕೂರಿಸಿ, ಮೇಲ್ಭಾಗದ ಆಸರೆ ಕಡಿಮೆಯಿದ್ದುದರಿಂದ ಎರಡು ಸ್ಕ್ರೂ. ಪ್ಲಾಸ್ಟಿಕ್ ಒಳಪದರ, 32 ಮಿ.ಮೀ. ಸೆರಾಮಿಕ್ ಗುಂಡು. ಗಿಡ್ಡವಾಗಿದ್ದ ಕಾಲು ಒಂದು ಸೆಂ.ಮೀ. ಉದ್ದವಾಯಿತು. ಭಾಗಗಳ ಲಾಟ್ ನಂಬರಿನ ಸ್ಟಿಕ್ಕರುಗಳನ್ನು ಡಿಸ್ಚಾರ್ಜ್ ಸಾರಾಂಶಕ್ಕೂ ಅಂಟಿಸಿಕೊಟ್ಟರು. ಇದನ್ನು ಎಲ್ಲರೂ ಕೇಳಿ ಪಡೆಯಬೇಕು, ಹದಿನೈದು ವರ್ಷದ ಮೇಲೆ ಒಳಪದರ ಮಾತ್ರ ಬದಲಿಸುವುದಿದ್ದರೆ ಯಾವ ಕಂಪನಿಯ ಯಾವ ಮಾದರಿ ಎಂದು ಹೇಳಲು ಬೇರೆ ದಾರಿ ಇರುವುದಿಲ್ಲ.

ಮಾರನೆಯ ದಿನವೇ ವಾಕರ್ ಹಿಡಿದು ನಡೆದರು. ಕಾಲಿನ ರಕ್ತ ಹೆಪ್ಪುಗಟ್ಟದಂತೆ 10 ದಿನ ಎನಾಕ್ಸಪರಿನ್ 40 ಮಿ.ಗ್ರಾಂ. ಚುಚ್ಚುಮದ್ದು, ಆಮೇಲೆ 28 ದಿನ ಆಸ್ಪಿರಿನ್ 75 ಮಿ.ಗ್ರಾಂ. ಎರಡನೇ ವಾರದಿಂದ ‘ಬಲಗಾಲು ಉದ್ದ ಆಗಿಬಿಟ್ಟಿದೆ’ ಎಂಬ ದೂರು. ಟೇಪು ಹಿಡಿದರೆ ವ್ಯತ್ಯಾಸ ಮೂರ್ನಾಲ್ಕು ಮಿ.ಮೀ. ವರ್ಷಗಟ್ಟಲೆ ಗಿಡ್ಡ ಕಾಲಿಗೆ ಒಗ್ಗಿದ ಸ್ನಾಯು ಬಿಗಿಯಾಗಿ ಎಳೆಯುವುದರಿಂದ ಹಾಗನಿಸುತ್ತದೆ. ಎಡ ಚಪ್ಪಲಿಗೆ ಎತ್ತರ ಕೊಡಿಸಲು ಮಗ ಹೊರಟಿದ್ದನ್ನು ತಡೆದರು. ಆಗಲೇ ಎತ್ತರ ಕೊಟ್ಟರೆ ಆ ವಾಲಿಕೆ ಕಾಯಂ ಆಗುತ್ತದೆ. ನಾಲ್ಕು ತಿಂಗಳಲ್ಲಿ ಆ ಮಾತು ತಾನಾಗಿ ನಿಂತಿತು.

ಐದನೇ ವಾರ

ನವೆಂಬರ್, ಅಡಿಕೆ ಸುಗ್ಗಿ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಗಿರಿಜಮ್ಮ ‘ಒಂದು ಬುಟ್ಟಿ’ ಸುಲಿಯಲು ಕೂತರು. ಏಳುವಾಗ ತೊಡೆಯ ಹಿಂದೆ ‘ಕಟ್’ ಎಂದು ಸದ್ದಾಗಿ ನೋವು ಹೊಡೆಯಿತು. ಎಕ್ಸ್‌ರೇಯಲ್ಲಿ ಗುಂಡು ಬಟ್ಟಲಿನಲ್ಲೇ ಇತ್ತು, ಅದೃಷ್ಟ. ಹಿಂಬದಿಯಿಂದ ಆಪರೇಷನ್ ಆದವರಲ್ಲಿ ತೊಡೆ 90 ಡಿಗ್ರಿಗಿಂತ ಹೆಚ್ಚು ಮಡಚಿ, ಮೇಲಾಗಿ ಮಂಡಿ ಒಳಕ್ಕೆ ತಿರುಗಿದರೆ, ಮುಂದಿನ ಅಂಚಿಗೆ ಒತ್ತಿಕೊಂಡು ಗುಂಡು ಹಿಂದಕ್ಕೆ ಮೀಟುತ್ತದೆ. ಆಪರೇಷನ್‌ನಲ್ಲಿ ಹೊಲಿದ ಕೀಲಿನ ಪೊರೆ ಗಟ್ಟಿಯಾಗಲು ಆರರಿಂದ ಹನ್ನೆರಡು ವಾರ ಬೇಕು.

ಬೈಯಲು ಹೊರಟವರಿಗೆ ಅವರು ಕೊಟ್ಟ ಉತ್ತರ: ‘ನೆಲದ ಮೇಲೆ ಕೂರಬೇಡಿ ಅಂದಿದ್ರಿ. ನಾನು ಮಣೆ ಮೇಲೆ ಕೂತಿದ್ದೆ.’

ತಪ್ಪು ಅವರದಲ್ಲ. ಚೀಟಿಯಲ್ಲಿ ಇದ್ದದ್ದೇ ಹಾಗೆ. ಮೊದಲ ಎಡವಟ್ಟು ‘ಸೊಂಟ’ದಿಂದ ಆಗಿತ್ತು, ಇದು ‘ನೆಲ’ದಿಂದ. ಸೂಚನೆಯನ್ನು ತಿದ್ದಿ ಬರೆದರು: ಕೂತಾಗ ಪೃಷ್ಠ ಮಂಡಿಗಿಂತ ಕೆಳಗಿರಬಾರದು. ಆಸನ 18 ಇಂಚಿಗಿಂತ ಕಡಿಮೆ ಬೇಡ. ಮಣೆ, ಬೆತ್ತದ ಮೋಡಾ, ಜಗಲಿಯ ಮೆಟ್ಟಿಲು, ಭಾರತೀಯ ಶೈಲಿಯ ಪಾಯಿಖಾನೆ, ಆಟೋದ ಹಿಂದಿನ ಸೀಟಿನಲ್ಲಿ ಕುಸಿದು ಕೂರುವುದು, ಎಲ್ಲವೂ ಸೇರಿ. ಬಿದ್ದದ್ದನ್ನು ಎತ್ತಲು ಬಲಗಾಲು ಹಿಂದಕ್ಕೆ ಚಾಚಿ ಬಗ್ಗುವುದು. ಮಲಗಿದಾಗ ಎರಡು ಕಾಲ ನಡುವೆ ದಿಂಬು. ಮೆಟ್ಟುಗತ್ತಿಯನ್ನು ಮೇಜಿನೆತ್ತರದ ಹಲಗೆಗೆ ಬಡಿಗರಿಂದ ಕೂರಿಸಿ, ಮೂರು ತಿಂಗಳ ನಂತರ ಸ್ಟೂಲಿನ ಮೇಲೆ ಕೂತು ಸುಲಿಯಲು ಒಪ್ಪಿಗೆ ಕೊಟ್ಟರು.

ಒಂದು ವರ್ಷದ ನಂತರ

ಕೋಲು ಮೂರನೇ ತಿಂಗಳಿಗೇ ಮೂಲೆ ಸೇರಿತ್ತು. ಎರಡು ಕಿ.ಮೀ. ನಡೆಯುತ್ತಾರೆ, ರಾತ್ರಿ ನಿದ್ದೆ ಇದೆ, ಕಾಲುಂಗುರ ತಾವೇ ಹಾಕಿಕೊಳ್ಳುತ್ತಾರೆ. ದಣಿದ ಸಂಜೆಗಳಲ್ಲಿ ಸ್ವಲ್ಪ ವಾಲುವುದು ಉಳಿದಿದೆ, ವರ್ಷಗಟ್ಟಲೆ ಸೋತ ಸ್ನಾಯು ಪೂರ್ತಿ ಬಲಗೊಂಡಿಲ್ಲ. ಬಲ ಮಂಡಿಯ ನೋವು ಮೆಟ್ಟಿಲು ಇಳಿಯುವಾಗ ಹತ್ತಕ್ಕೆ ಎರಡು, ಮರವಿನ ಇಂಜೆಕ್ಷನ್ ದಿನ ಉಳಿದಿದ್ದಷ್ಟೇ. ಯಾವ ಮಂಡಿಯನ್ನೂ ಬದಲಿಸುವ ಯೋಚನೆ ಸದ್ಯಕ್ಕಿಲ್ಲ. ಹಾಗೆಂದು ಮಂಡಿ ನೋವೆಲ್ಲ ಹಿಪ್‌ನದ್ದಲ್ಲ. ಮಂಡಿ ಊದಿ, ಕಾಲು ಬಿಲ್ಲಿನಂತೆ ಬಾಗಿ, ಕೀಲಿನ ಗೆರೆ ಒತ್ತಿದರೆ ಜೀವ ಹೋಗುವಂತಿದ್ದರೆ ಅದು ಮಂಡಿಯದ್ದೇ. ಆದರೂ ಕಾಲನ್ನು ಒಮ್ಮೆ ಹೊರಳಿಸಿ ನೋಡಲು ಹತ್ತು ಸೆಕೆಂಡು ಸಾಕು.

ಮಗಳಿಗೂ ದೂರ ನಡೆದರೆ ತೊಡೆಸಂದು ನೋಯುತ್ತಿತ್ತು. ಎಕ್ಸ್‌ರೇಯಲ್ಲಿ ಕೋನ 19 ಡಿಗ್ರಿ ಬಂತು, ಸವೆತ ಇನ್ನೂ ಇಲ್ಲ. ಇದು ಮನೆತನದಲ್ಲಿ ಹರಿಯುವ ದೋಷವಾದ್ದರಿಂದ, ಮಗಳಿಗೆ ಹೆಣ್ಣು ಮಗು ಹುಟ್ಟಿದಾಗ ಆರನೇ ವಾರದಲ್ಲಿ ಅದರ ಹಿಪ್‌ಗಳ ಅಲ್ಟ್ರಾಸೌಂಡ್ ಮಾಡಿಸಿದರು. ಸರಿಯಾಗಿವೆ. ಮಗುವಿನ ಕಾಲು ಜೋಡಿಸಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಬೇಡಿ, ಕತ್ತು ನಿಂತ ಮೇಲೆ ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಳ್ಳುವ ನಮ್ಮ ರೂಢಿಯೇ ಕೀಲಿಗೆ ಒಳ್ಳೆಯದು ಎಂದು ಹೇಳಿ ಕಳಿಸಿದರು.

ವರ್ಷದ ತಪಾಸಣೆಗೆ ಗಿರಿಜಮ್ಮ ಮೊಮ್ಮಗಳನ್ನು ಎತ್ತಿಕೊಂಡೇ ಬಂದರು, ಹೊಸ ಕೀಲಿಗೆ ಭಾರ ಬೀಳಬಾರದೆಂದು ಎಡ ಸೊಂಟದ ಮೇಲೆ. ನರ್ಸ್ ಮಗುವನ್ನು ಬಲಕ್ಕೆ ಬದಲಿಸಿದರು. ಎಡಕ್ಕೆ ಎತ್ತಿಕೊಂಡರೆ ಬಲಗಾಲು ಊರಿದಾಗಲೆಲ್ಲ ಆ ಭಾರವನ್ನೂ ಬಲ ಹಿಪ್‌ನ ಸ್ನಾಯುವೇ ಎಳೆದು ಹಿಡಿಯಬೇಕು. ಕೋಲು ಎದುರುಗೈಗೆ, ಕೂಸು ಆಪರೇಷನ್ ಆದ ಕಡೆಗೇ.